ಕುಚ್ಚು ತೆರವಿನ ನಕ್ಷೆ

ಚರಿತ್ರೆಯಲ್ಲಿ ಕೋಟೆಗಳು ಬಿದ್ದಿವೆ, ಸಿಂಹಾಸನಗಳು ಉರುಳಿವೆ. ಆದರೆ ನನ್ನ ನೆತ್ತಿಯ ಹಿಂದಿನ ಕುಚ್ಚು ಐವತ್ತೊಂದು ವರ್ಷ ಯಾರಿಗೂ ತಲೆಬಾಗಿರಲಿಲ್ಲ! ಸುಳಿಯ ಪಕ್ಕದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ಹಿಡಿ ಕೂದಲು, ಸದಾ ನೆಟ್ಟಗೆ. "ಮೊದಲು ಅದು ಹುಟ್ಟಿತು, ಹಿಂದೆಯೇ ನೀನು ಬಂದೆ" ಎಂದು ಅಮ್ಮ ಈಗಲೂ ಹೇಳುತ್ತಾಳೆ. ಎಣ್ಣೆ ಸುರಿದರೆ ಎಣ್ಣೆ ಕುಡಿದು ಇನ್ನಷ್ಟು ಕೊಬ್ಬುತ್ತಿತ್ತು. ಶಾಲೆಯಲ್ಲಿ ಅದು ಅಡ್ಡವಾಗಿ ಕರಿಹಲಗೆ ಕಾಣದೆ ಹಿಂದಿನ ಬೆಂಚಿನವನು ಗಣಿತದಲ್ಲಿ ಫೇಲಾದ. ಹೆಲ್ಮೆಟ್ಟಿನ ಕೆಳಗೆ ಗಂಟೆಗಟ್ಟಲೆ ಅದುಮಿಟ್ಟರೂ, ತೆಗೆದ ಕೂಡಲೇ "ಕರೆದಿರಾ?" ಎಂಬಂತೆ ಎದ್ದು ನಿಲ್ಲುತ್ತಿತ್ತು. ನಾಯಿಬಾಲಕ್ಕೆ ದಬ್ಬೆ ಕಟ್ಟಿ ಸೋತವರು ನನ್ನ ಕುಚ್ಚನ್ನು ನೋಡಿದ್ದರೆ ಹೋಗಿ ನಾಯಿಯ ಕ್ಷಮೆ ಕೇಳುತ್ತಿದ್ದರು.

ಇಂಥ ಅಜೇಯ ಕುಚ್ಚನ್ನು ಒಂದೇ ಶನಿವಾರದಲ್ಲಿ ನೆಲಸಮ ಮಾಡುತ್ತೇನೆಂದು ನಾನು ಪ್ರತಿಜ್ಞೆ ಮಾಡಿದೆ! ಕಾರಣ ಸೌಂದರ್ಯಪ್ರಜ್ಞೆ ಎಂದು ಹೇಳಿ ನುಣುಚಿಕೊಳ್ಳಬಹುದಿತ್ತು. ನಿಜ ಹೇಳಿಬಿಡುತ್ತೇನೆ. ಕಾರಣ ಹೊಟ್ಟೆಕಿಚ್ಚು.

ನನ್ನ ಹೆಂಡತಿ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸು. ಇಪ್ಪತ್ತೈದು ವರ್ಷದ ಸೇವೆಯಲ್ಲಿ ಯಾರ ಸೌಂದರ್ಯಕ್ಕೂ ಕರಗಿದವಳಲ್ಲ. ಚೆಲುವನೊಬ್ಬ ಎದುರಿಗೆ ಬಂದರೆ ಅವಳಿಗೆ ಮೊದಲು ಕಾಣುವುದು ಸೂಜಿ ಚುಚ್ಚಲು ಸಿಗುವ ನರ. ಅಂಥವಳು ಒಂದು ಸಂಜೆ ಚಹಾ ಸೋಸುತ್ತಾ ತನ್ನಷ್ಟಕ್ಕೆ ನಕ್ಕಳು.

"ಯಾಕೆ ನಗ್ತಿದ್ದೀಯ?" ಎಂದೆ.

"ಏನಿಲ್ಲ ರೀ. ನಮ್ಮ ಫಿಸಿಯೋ ಹುಡುಗನ ಕೂದಲು ನೆನಪಾಯ್ತು."

"ಯಾವ ಹುಡುಗ?"

"ಹೊಸದಾಗಿ ಬಂದಿದ್ದಾನಲ್ಲ, ರೋಗಿಗಳಿಗೆ ಕೈಕಾಲು ಆಡಿಸೋದು ಹೇಳಿಕೊಡೋನು. ಹೋದ ವಾರ ಹೇರ್ ಕಟ್ ಮಾಡಿಸ್ಕೊಂಡು ಬಂದ. ಅಬ್ಬಾ, ಎಷ್ಟು ಒಪ್ಪುತ್ತೆ ಅಂತೀರಿ! ನೋಡ್ತಾ ನಿಂತುಬಿಟ್ಟೆ."

ನೋಡ್ತಾ ನಿಂತುಬಿಟ್ಟಳಂತೆ! ನನ್ನನ್ನು ಅವಳು ಕೊನೆಯ ಬಾರಿ ನಿಂತು ನೋಡಿದ್ದು ನಾನು ಏಣಿಯಿಂದ ಬಿದ್ದಾಗ. ಅದೂ ಮೂಳೆ ಮುರಿದಿದೆಯೇ ಎಂದು.

"ಅಂಥದ್ದೇನಪ್ಪ ಇದೆ ಅವನ ತಲೇಲಿ?"

"ಭಾನುವಾರ ಬರ್ತೀರಲ್ಲ, ನೀವೇ ನೋಡಿ" ಎಂದು ಮತ್ತೆ ನಕ್ಕಳು. ಚಹಾ ಲೋಟದಿಂದ ಹೊರಗೆ ಬಿತ್ತು. ಒಂದು ಹನಿ ಔಷಧ ಹೆಚ್ಚುಕಮ್ಮಿ ಮಾಡದ ಕೈ ಅದು!

ಭಾನುವಾರ ಆಸ್ಪತ್ರೆಯ ಸಭಾಂಗಣದಲ್ಲಿ ಅವಳ ಇಪ್ಪತ್ತೈದು ವರ್ಷದ ಸೇವೆಗೆ ಸನ್ಮಾನ. ವೇದಿಕೆಯ ಮೇಲೆ ಅವಳ ಪಕ್ಕದಲ್ಲಿ ನಾನು ನಿಲ್ಲಬೇಕು, ಫೋಟೋ ತೆಗೆಯುತ್ತಾರೆ. ಎದುರಿನ ಸಾಲಿನಲ್ಲಿ ಆ ಕೇಶಶೂರ ಕೂತಿರುತ್ತಾನೆ. ಜನ ಅವನ ತಲೆ ನೋಡುತ್ತಾರೆ, ನನ್ನ ತಲೆ ನೋಡುತ್ತಾರೆ, ಆಮೇಲೆ ನನ್ನ ಹೆಂಡತಿಯನ್ನು ನೋಡಿ "ಪಾಪ" ಅನ್ನುತ್ತಾರೆ. ಈ ದೃಶ್ಯ ಕಣ್ಣಮುಂದೆ ಬಂದದ್ದೇ ತಡ, ಹೊಟ್ಟೆಯೊಳಗಿನ ಕಿಚ್ಚಿನಲ್ಲಿ ಇನ್ನೊಂದು ಪಾತ್ರೆ ಚಹಾ ಕಾಯಿಸಬಹುದಿತ್ತು.

ಹಿಂದೆ ನನಗೂ ಒಂದು ಕಾಲವಿತ್ತಲ್ಲ, ಆಗಿನ ಕಟಿಂಗು ಹೇಗಿತ್ತೋ ನೋಡೋಣ ಎಂದು ಹಳೆಯ ಆಲ್ಬಮ್ ತೆಗೆದೆ. ಮದುವೆಯಾದ ಹೊಸದರ ಪುಟದಲ್ಲಿ ನಾನೊಬ್ಬನೇ ಇದ್ದ ಫೋಟೋದ ಜಾಗ ಖಾಲಿ! ನಾಲ್ಕು ಮೂಲೆಯ ಅಂಟಿನ ಗುರುತು ಮಾತ್ರ ಉಳಿದಿತ್ತು.

"ಅಮ್ಮಾ, ಈ ಫೋಟೋ ಎಲ್ಲಿ?"

"ನಿನ್ನ ಹೆಂಡತಿ ಯಾವತ್ತೋ ಕಿತ್ಕೊಂಡು ಹೋದ್ಳಪ್ಪ. ಕೇಳಿದ್ರೆ ಬೇಕು ಅಂದ್ಳು."

ಕಿತ್ತು ಎಸೆದಿದ್ದಾಳೆ! ಕಣ್ಣೆದುರು ಇರಬಾರದೆಂದು ಆಲ್ಬಮ್ಮಿನಿಂದಲೂ ಹೊರಗೆ ಹಾಕಿದ್ದಾಳೆ! ನನ್ನ ಪ್ರತಿಜ್ಞೆಗೆ ಅಲ್ಲೇ ಮೊಹರು ಬಿತ್ತು.

ನಾನು ಎಂಜಿನಿಯರೊಬ್ಬರ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುವವನು. ಇಪ್ಪತ್ತೆಂಟು ವರ್ಷದಿಂದ ಮೇಸ್ತ್ರಿಗಳಿಗೆ ನಾನು ಹೇಳಿಕೊಂಡು ಬಂದಿರುವ ಮಂತ್ರ ಒಂದೇ: "ನಿಮ್ಮ ಬುದ್ಧಿ ಖರ್ಚು ಮಾಡಬೇಡಿ, ಗೆರೆ ನೋಡಿ ಕಟ್ಟಿ." ಹೀಗಿರುವಾಗ ನನ್ನ ತಲೆಯ ಕೆಲಸವನ್ನು ನಕ್ಷೆಯಿಲ್ಲದೆ ಸೆಲೂನಿನವರ ಕೈಗೆ ಕೊಡುವುದುಂಟೇ? ಮೊಬೈಲಿನಲ್ಲಿ ಓದಿದೆ. ಮೊದಲು ಮುಖದ ಆಕಾರ ತಿಳಿಯಬೇಕಂತೆ, ಗುಂಡೋ, ಚೌಕವೋ, ಮೊಟ್ಟೆಯಾಕಾರವೋ ಎಂದು. ಆಮೇಲೆ ಕೂದಲು ನೆಟ್ಟಗಿದೆಯೋ, ಅಲೆಯಲೆಯಾಗಿದೆಯೋ, ಗುಂಗುರೋ ನೋಡಬೇಕಂತೆ. ಎರಡನ್ನೂ ಹೊಂದಿಸಿ ಕಟಿಂಗು ಆರಿಸಬೇಕಂತೆ.

"ಏ, ನನ್ನ ಮುಖ ಯಾವ ಆಕಾರ?" ಎಂದು ಹೆಂಡತಿಯನ್ನು ಕೇಳಿದೆ.

"ಯಾವಾಗ? ಊಟಕ್ಕೆ ಕರೆದಾಗ ಒಂದು ಆಕಾರ ಇರುತ್ತೆ, ಪಾತ್ರೆ ತೊಳೀರಿ ಅಂದಾಗ ಇನ್ನೊಂದು."

ಇಂಥವರಿಂದ ವಿಜ್ಞಾನ ಬೆಳೆಯುವುದಿಲ್ಲ. ಟೇಪು, ಅಡಿಪಟ್ಟಿ, ಕೈವಾರ ಹಿಡಿದು ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡೆ. ಹಣೆಯ ಅಗಲ, ದವಡೆಯ ಅಗಲ, ಗಲ್ಲದ ಇಳಿಜಾರು, ಎಲ್ಲವನ್ನೂ ಅಳೆದೆ. ಫಲಿತಾಂಶ ಯಾವ ಪಟ್ಟಿಯಲ್ಲೂ ಇರಲಿಲ್ಲ. ನಾಲ್ಕು ಬದಿಯೂ ನಾಲ್ಕು ಅಳತೆ, ಅಣ್ಣತಮ್ಮಂದಿರು ಜಗಳವಾಡಿ ಪಾಲು ಮಾಡಿಕೊಂಡ ಸೈಟಿನ ಹಾಗೆ! ಕೂದಲೂ ಅಷ್ಟೇ. ಮುಂದೆ ನೆಟ್ಟಗೆ, ನಡುವೆ ಅಲೆ, ಹಿಂದೆ ಕುಚ್ಚು.

ಎದೆಗುಂದಲಿಲ್ಲ. ಕನ್ನಡಿಗೆ ತೆಳು ಕಾಗದ ಅಂಟಿಸಿ, ಒಂದು ಕಣ್ಣು ಮುಚ್ಚಿ, ಅದರಾಚೆ ಮಸುಕಾಗಿ ಕಾಣುತ್ತಿದ್ದ ನನ್ನ ಮುಖದ ಸುತ್ತ ಪೆನ್ಸಿಲು ಓಡಿಸಿದೆ. ಮುಂಭಾಗದ ನಕ್ಷೆ ತಯಾರು. ಹಿಂಭಾಗ ಕಾಣಬೇಕಲ್ಲ? ಗೋಡೆಯ ಕನ್ನಡಿಗೆ ಬೆನ್ನು ಹಾಕಿ, ಅಮ್ಮನ ಕೈಗನ್ನಡಿಯಲ್ಲಿ ಇಣುಕಿ ನೋಡುತ್ತಾ ಅದನ್ನೂ ಬರೆದೆ. ಬೈತಲೆಗೆ ಚುಕ್ಕೆಗೆರೆ, ಸುಳಿಗೆ ಗುಡ್ಡದ ಎತ್ತರ ತೋರಿಸುವ ವೃತ್ತಗಳು. ಕುಚ್ಚಿನ ಸುತ್ತ ಕೆಂಪು ಶಾಯಿ ಹಾಕಿ, ಪಕ್ಕದಲ್ಲಿ ಮುದ್ದಾದ ಅಕ್ಷರದಲ್ಲಿ "ತೆರವುಗೊಳಿಸತಕ್ಕ ಭಾಗ" ಎಂದು ನಮೂದಿಸಿದೆ.

ಬಾಗಿಲು ಬಡಿದ ಸದ್ದು.

"ರೀ, ಮುಕ್ಕಾಲು ಗಂಟೆ ಆಯ್ತು. ಬದುಕಿದ್ದೀರಾ?"

"ಕೆಲಸದಲ್ಲಿದ್ದೀನಿ!"

"ಬಚ್ಚಲಲ್ಲಿ ಎಲ್ಲರೂ ಅದನ್ನೇ ಅನ್ನೋದು. ಬೇಗ ಬನ್ನಿ!"

ಶನಿವಾರ ಸಂಜೆ ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟು ಸೆಲೂನಿಗೆ ನಡೆದೆ. ಅಲ್ಲಿನ ಯಜಮಾನರು ಇಪ್ಪತ್ತು ವರ್ಷದಿಂದ ನನ್ನ ಜುಟ್ಟು ಹಿಡಿದವರು. ಹಾಳೆ ಬಿಡಿಸಿ ನೋಡಿ ಕನ್ನಡಕವನ್ನು ಹಣೆಗೇರಿಸಿದರು.

"ಇದೇನು ಸಾರ್, ಮಹಡಿ ಏನಾದ್ರೂ ಕಟ್ಟಿಸ್ತಿದ್ದೀರಾ?"

"ನನ್ನ ತಲೆ. ಗೆರೆ ಪ್ರಕಾರ ಕತ್ತರಿಸಿ, ಸಾಕು."

"ಕುಚ್ಚು ತೆಗೀಬೇಕಾ? ಬೇಡ ಸಾರ್. ಅದರ ಬೇರು ಸುಳಿಯಲ್ಲಿದೆ. ಉದ್ದ ಇದ್ರೆ ಒಂದು ಕಡೆ ಬಾಗಾದ್ರೂ ಬಾಗುತ್ತೆ, ಗಿಡ್ಡ ಮಾಡಿದ್ರೆ ಮುಳ್ಳುಹಂದಿ ಆಗುತ್ತೆ."

"ನಕ್ಷೆಯಲ್ಲಿ ಮುಳ್ಳುಹಂದಿ ಇದೆಯಾ?"

"ಇಲ್ಲ ಸಾರ್."

"ಮತ್ತೆ?"

ಅವರು ನಿಟ್ಟುಸಿರು ಬಿಟ್ಟು ನನಗೆ ಬಿಳಿ ಬಟ್ಟೆ ಹೊದಿಸಿದರು, ನನ್ನ ಕನ್ನಡಕ ತೆಗೆದು ಕಪಾಟಿನ ಮೇಲಿಟ್ಟರು. ಕನ್ನಡಕವಿಲ್ಲದೆ ಎದುರಿನ ಕನ್ನಡಿಯಲ್ಲಿ ನನಗೆ ಕಾಣುವುದು ಬಿಳಿಯ ಗುಡ್ಡದ ಮೇಲಿನ ಒಂದು ಕಪ್ಪು ಮೋಡ ಮಾತ್ರ. ಅವರು ನನ್ನೆದುರು ನಿಂತು ಹಾಳೆಯನ್ನು ನನ್ನ ಕೆನ್ನೆಯ ಪಕ್ಕಕ್ಕೆ ಹಿಡಿದರು.

"ಸಾರ್, ನಿಮ್ಮ ಬೈತಲೆ ಹುಟ್ಟಿದಾಗಿಂದ ಎಡಕ್ಕೆ. ಇದರಲ್ಲಿ ಬಲಕ್ಕಿದೆ."

"ಹಾಳೆ ಪ್ರಕಾರ!"

"ಹಿಂಭಾಗದ ಹಾಳೆಯಲ್ಲಿ ಎಡಕ್ಕೇ ಇದೆ."

"ಅಲ್ಲಿ ಆ ಹಾಳೆ ಪ್ರಕಾರ! ಯಜಮಾನ್ರೇ, ಇಪ್ಪತ್ತೆಂಟು ವರ್ಷದಲ್ಲಿ ನನ್ನ ಒಂದು ಗೆರೆ ತಪ್ಪಿಲ್ಲ."

"ಹಾಗಾದ್ರೆ ಒಂದು ಸಹಿ ಹಾಕಿಬಿಡಿ ಸಾರ್. ನಾಳೆ ನನ್ನ ಅಂಗಡಿ ಮೇಲೆ ಮಾತು ಬರಬಾರದು."

ಬಿಳಿ ಬಟ್ಟೆಯೊಳಗಿಂದ ಕೈ ಹೊರಗೆ ಚಾಚಿ ಎರಡು ಹಾಳೆಯ ಮೇಲೂ "ಅನುಮೋದಿಸಲಾಗಿದೆ" ಎಂದು ಬರೆದು ಸಹಿ ಜಡಿದೆ! ಕತ್ತರಿ ಹಾಡತೊಡಗಿತು. ನಾನು ಕಣ್ಣುಮುಚ್ಚಿ ಭಾನುವಾರದ ಕನಸು ಕಂಡೆ. ವೇದಿಕೆ ಹತ್ತುತ್ತೇನೆ, ಚಪ್ಪಾಳೆ ಬೀಳುತ್ತದೆ, ಕೇಶಶೂರ ಕುರ್ಚಿಯಲ್ಲೇ ಕುಗ್ಗುತ್ತಾನೆ, ಹೆಂಡತಿ ನನ್ನನ್ನು ನೋಡುತ್ತಾ ನಿಂತುಬಿಡುತ್ತಾಳೆ.

"ಆಯ್ತು ಸಾರ್" ಎಂದು ಯಜಮಾನರು ಕನ್ನಡಕ ಕೈಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

ಕನ್ನಡಕ ಹಾಕಿಕೊಂಡೆ. ಮುಂದಿನ ಕೂದಲು ಬಲದಿಂದ ಎಡಕ್ಕೆ ಹೊರಟಿತ್ತು, ಹಿಂದಿನದು ಎಡದಿಂದ ಬಲಕ್ಕೆ ಹೊರಟಿತ್ತು. ಎರಡೂ ನೆತ್ತಿಯಲ್ಲಿ ಮುಖಾಮುಖಿಯಾಗಿ, "ನೀನು ಹಿಂದೆ ಸರಿ, ನೀನು ಹಿಂದೆ ಸರಿ" ಎಂದು ಕಿರುಸೇತುವೆಯ ಮೇಲಿನ ಎರಡು ಟಗರುಗಳಂತೆ ನಿಂತಿದ್ದವು. ಅವುಗಳ ನಡುವೆ ಕಡಿದ ಕುಚ್ಚಿನ ಬುಡ ನೂರು ಸೂಜಿಗಳಾಗಿ ಎದ್ದಿತ್ತು! ಆಗ ಹೊಳೆಯಿತು ನೋಡಿ. ಮುಂಭಾಗದ್ದು ಕನ್ನಡಿ ನೋಡಿ ಬರೆದದ್ದು, ಎಡಬಲ ಅದಲುಬದಲು. ಹಿಂಭಾಗದ್ದು ಎರಡು ಕನ್ನಡಿಯಲ್ಲಿ ಎರಡು ಸಲ ಅದಲುಬದಲಾಗಿ ಮತ್ತೆ ನೆಟ್ಟಗಾದದ್ದು! ಒಂದೇ ಮನೆಗೆ ಎರಡು ನಕ್ಷೆ ಕೊಟ್ಟು, ಎರಡಕ್ಕೂ ಸಹಿ ಹಾಕಿದ್ದೆ.

"ಸರಿ ಮಾಡಿ!" ಎಂದೆ.

ಎಡ ಕಮ್ಮಿ ಮಾಡಿದರು. ಬಲ ಹೆಚ್ಚಾಯಿತು. ಬಲ ಕಮ್ಮಿ ಮಾಡಿದರು. ಸೂಜಿಗಳು ಇನ್ನೂ ಎದ್ದು ಕಂಡವು. ಬೆಣ್ಣೆ ಹಂಚಿದ ಕೋತಿಯ ನ್ಯಾಯದಲ್ಲಿ ಅರ್ಧಗಂಟೆ ಕಳೆಯುವಷ್ಟರಲ್ಲಿ ಹಂಚಲು ಹೆಚ್ಚೇನೂ ಉಳಿಯಲಿಲ್ಲ. ಕೊನೆಗೆ ಯಜಮಾನರು ಬೋಳಿಸುವ ಮಷೀನು ಕೈಗೆತ್ತಿಕೊಂಡರು. ನಾನು ತಲೆ ಬಗ್ಗಿಸಿದೆ.

ಮನೆಯ ಬಾಗಿಲು ತೆರೆದದ್ದು ಅಮ್ಮ.

"ಯಾರು ಬೇಕಾಗಿತ್ತಪ್ಪ? ಮಗ ಕಟಿಂಗಿಗೆ ಹೋಗಿದ್ದಾನೆ."

"ಅಮ್ಮಾ, ನಾನೇ."

ಹಿಂದಿನಿಂದ ಹೆಂಡತಿ ಬಂದಳು. ಅವಳು ಹೊಟ್ಟೆ ಹಿಡಿದು ನಗುತ್ತಾಳೆಂದು ಕಾದೆ. ನಗಲಿಲ್ಲ. ನನ್ನನ್ನು ಬೆಳಕಿಗೆ ತಿರುಗಿಸಿ, ನೆತ್ತಿಯ ಹಿಂದೆ ಬೆರಳಾಡಿಸಿದಳು.

"ಕುಚ್ಚು ಎಲ್ಲಿ?"

"ತೆಗೆಸಿದೆ. ನೀನೇ ಅಲ್ವಾ ವರ್ಷಾನುಗಟ್ಟಲೆ ಬಾಚ್ಕೊಳ್ಳಿ, ಬಾಚ್ಕೊಳ್ಳಿ ಅಂತಿದ್ದೋಳು?"

"ಬಾಚ್ಕೊಳ್ಳಿ ಅಂದೆ. ಬೋಳಿಸ್ಕೊಳ್ಳಿ ಅಂದ್ನಾ?"

ಅಷ್ಟೇ ಹೇಳಿ ಒಳಗೆ ಹೋದಳು. ಆ ರಾತ್ರಿ ಬಡಿಸುವಾಗಲೂ ಬೈಯಲಿಲ್ಲ. ಬೈಯದ ಹೆಂಡತಿಗಿಂತ ಭಯಂಕರವಾದದ್ದು ಜಗತ್ತಿನಲ್ಲಿ ಏನಿದೆ? ಕೇಶಶೂರನ ಮುಂದೆ ತಾನು ಹೇಗೆ ಮುಖ ತೋರಿಸಲಿ ಎಂದು ನಾಚಿರಬೇಕು ಎಂದುಕೊಂಡು, ಇದ್ದ ಕಿಚ್ಚಿಗೆ ಇನ್ನೊಂದು ಸೌದೆ ಹಾಕಿಕೊಂಡೇ ಮಲಗಿದೆ.

ಭಾನುವಾರ ಸಭಾಂಗಣದ ದೀಪಗಳೆಲ್ಲ ನನ್ನ ತಲೆಯಲ್ಲೇ ಉರಿಯುತ್ತಿದ್ದವು. ವೇದಿಕೆ ಹತ್ತಿದೆ, ಅವಳ ಪಕ್ಕ ನಿಂತೆ. ಫೋಟೋಗ್ರಾಫರು "ಸಾರ್, ತಲೆ ಬಗ್ಗಿಸಬೇಡಿ, ಹೊಳಪು ಬೀಳುತ್ತೆ" ಎಂದ. ಸಭೆ ನಕ್ಕಿತು. ಇಂಗು ತಿಂದ ಮಂಗನಂತೆ ಕೆಳಗಿಳಿದು ಬಂದು ಕೊನೆಯ ಸಾಲಿನಲ್ಲಿ ಕೂತೆ.

ಆಗ ಬಂದ ಅವನು. ಸಪೂರ ಹುಡುಗ, ಎದುರಿನಿಂದ ನೋಡಿದರೆ ಸಾಧಾರಣ ಕಟಿಂಗು. ಇದಕ್ಕೇನಾ ಇಷ್ಟು ಹಾರಾಟ ಎಂದು ನನ್ನೊಳಗೆ ತಣ್ಣಗಾಯಿತು.

"ನಮಸ್ಕಾರ ಸಾರ್, ಸಿಸ್ಟರ್ ಮನೆಯವರಲ್ವಾ? ನಾನು ಇಲ್ಲಿ ಫಿಸಿಯೋ. ಕೂರಬಹುದಾ?" ಎಂದು ಕುರ್ಚಿ ಎಳೆದುಕೊಳ್ಳಲು ಹಿಂದಕ್ಕೆ ತಿರುಗಿದ.

ಅವನ ನೆತ್ತಿಯ ಹಿಂದೆ, ಸುಳಿಯ ಪಕ್ಕದಲ್ಲಿ, ಹೆಬ್ಬೆರಳಿನಷ್ಟು ದಪ್ಪಕ್ಕೆ, ನೆಟ್ಟಗೆ ನಿಂತಿತ್ತು ಒಂದು ಕುಚ್ಚು!

ನನ್ನ ಕುಚ್ಚು! ನಿನ್ನೆ ಸಂಜೆ ನಾನೇ ಸಹಿ ಹಾಕಿ ಗುಡಿಸಿಹಾಕಿಸಿದ ಕುಚ್ಚು, ಇಪ್ಪತ್ತೆಂಟರ ಹುಡುಗನ ತಲೆಯ ಮೇಲೆ!

"ಇ... ಇದು?" ಎಂದು ಬೆರಳು ತೋರಿಸಿದೆ.

"ಚೆನ್ನಾಗಿದೆಯಾ ಸಾರ್?" ಎಂದು ಹುಡುಗ ನಾಚಿಕೊಂಡ. "ಸಿಸ್ಟರ್ ಮೇಜಿನ ಗಾಜಿನ ಕೆಳಗೆ ಒಂದು ಹಳೇ ಫೋಟೋ ಇದೆ. ಯಾರೋ ಒಬ್ಬರು ಪಕ್ಕಕ್ಕೆ ತಿರುಗಿ ನಗ್ತಾ ನಿಂತಿದ್ದಾರೆ, ಹಿಂದೆ ಕೂದಲು ಹೀಗೇ ಎದ್ದಿದೆ. ಏನು ಗತ್ತು ಅಂತೀರಿ! ಮೊಬೈಲಲ್ಲಿ ಅದರ ಫೋಟೋ ತಗೊಂಡು ಹೋಗಿ, ಇದೇ ಥರ ಮಾಡಿ ಅಂತ ಮಾಡಿಸ್ಕೊಂಡೆ. ಯಾರು ಇವರು ಅಂದ್ರೆ ಸಿಸ್ಟರ್ ನಗ್ತಾರೆ, ಹೇಳಲ್ಲ."

ನಾನು ಮೆಲ್ಲನೆ ತಲೆಯೆತ್ತಿದೆ. ವೇದಿಕೆಯಿಂದ ಇಳಿದು ಬಂದು ಎರಡು ಸಾಲು ಮುಂದೆ, ಹೂಗುಚ್ಛ ಹಿಡಿದು ಕೂತಿದ್ದ ನನ್ನ ಹೆಂಡತಿ ತಿರುಗಿ ನಮ್ಮಿಬ್ಬರನ್ನೇ ನೋಡುತ್ತಿದ್ದಳು. ಅವನ ಕುಚ್ಚನ್ನು ನೋಡಿದಳು, ನನ್ನ ಬೋಳನ್ನು ನೋಡಿದಳು. ನಿನ್ನೆಯಿಂದ ತಡೆದಿಟ್ಟಿದ್ದ ನಗು ಉಕ್ಕಿ ಬಂದು, ಹೂಗುಚ್ಛದಲ್ಲಿ ಮುಖ ಮುಚ್ಚಿಕೊಂಡಳು. ಇಪ್ಪತ್ತೈದು ವರ್ಷ ದಿನವೂ ನನ್ನನ್ನು ಗಾಜಿನ ಕೆಳಗಿಟ್ಟು ನೋಡಿದವಳು!

"ನಂದು ಮಾತ್ರ ತಾನಾಗಿ ನಿಲ್ಲಲ್ಲ ಸಾರ್" ಎಂದು ಹುಡುಗ ಗುಟ್ಟು ಹೇಳುವಂತೆ ಬಾಗಿದ. "ದಿನಾ ಬೆಳಗ್ಗೆ ಅರ್ಧ ಗಂಟೆ ಜೆಲ್ ಹಚ್ಚಿ, ಬಿಸಿಗಾಳಿ ಹಿಡೀತೀನಿ. ಆದ್ರೂ ಮಧ್ಯಾಹ್ನಕ್ಕೆ ಮಲಗಿಬಿಡುತ್ತೆ. ಆ ಫೋಟೋದವರು ನಿಮಗೆ ಗೊತ್ತಿದ್ರೆ ಒಂದು ಮಾತು ಕೇಳಿ ಹೇಳಿ ಸಾರ್. ಅಷ್ಟು ನೆಟ್ಟಗೆ ನಿಲ್ಲೋಕೆ ಅವರು ಏನು ಹಾಕ್ತಿದ್ರು?"

ಕೈ ತಾನಾಗಿ ನೆತ್ತಿಯ ಹಿಂದಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

"ಏನೂ ಹಾಕಿರಲಿಲ್ಲಪ್ಪ" ಎಂದೆ. "ಆವತ್ತು ಬಾಚಣಿಗೆ ಸಿಕ್ಕಿರಲಿಲ್ಲ, ಅಷ್ಟೇ."