ಹಳದಿ ದಾರ ಕಟ್ಟಿಸಿಕೊಂಡ ಪೆನ್‌ಡ್ರೈವ್

ನಮ್ಮ ಸೋದರಮಾವ ಈ ಜಗತ್ತಿನಲ್ಲಿ ನಂಬದ ವಸ್ತು ಒಂದೇ ಒಂದು: ಪೆನ್‌ಡ್ರೈವ್. ಮನುಷ್ಯರನ್ನು ಅವರು ಯೋಚನೆಯೇ ಮಾಡದೆ ನಂಬುತ್ತಾರೆ. ಮನೆಯ ಬೀಗದ ಕೈಯನ್ನು ಎದುರುಮನೆಯವರಿಗೆ ಕೊಟ್ಟು ಮೂರು ದಿನ ಆರಾಮವಾಗಿ ಊರು ಸುತ್ತಿ ಬರುತ್ತಾರೆ. ಅದೇ ಎದುರುಮನೆಯವರು ಪೆನ್‌ಡ್ರೈವ್ ಹಿಡಿದು ಬಂದರೆ ಮಾತ್ರ ಹೊಸಿಲಿನ ಆಚೆಗೇ ನಿಲ್ಲಿಸುತ್ತಾರೆ!

ದೊಡ್ಡಬಳ್ಳಾಪುರದ ಒಂದು ನೇಕಾರರ ಬೀದಿಯಲ್ಲಿ ಮಾವನ ಸೀರೆ ಡಿಸೈನಿನ ಅಂಗಡಿಯಿದೆ. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ, ಒಂದು ಕಂಪ್ಯೂಟರು, ಒಂದು ಪ್ರಿಂಟರು, ಎರಡು ಪ್ಲಾಸ್ಟಿಕ್ ಕುರ್ಚಿ. ಅಂಚು, ಸೆರಗು, ಬುಟ್ಟಾಗಳೆಲ್ಲ ಆ ಕಂಪ್ಯೂಟರಿನಲ್ಲಿವೆ. ನೇಕಾರರು ತಮಗೆ ಬೇಕಾದದ್ದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋಗಿ ಮಗ್ಗದ ಯಂತ್ರಕ್ಕೆ ಸಿಕ್ಕಿಸುತ್ತಾರೆ. ಮುಂದಿನ ವಾರ ಅದೇ ಪೆನ್‌ಡ್ರೈವ್ ಇನ್ನೂ ನಾಲ್ಕು ಕಂಪ್ಯೂಟರುಗಳ ಮೈ ಸವರಿ ವಾಪಸು ಬರುತ್ತದೆ. ಏನೇನು ಅಂಟಿಸಿಕೊಂಡು ಬಂದಿರುತ್ತದೋ ಯಾರಿಗೆ ಗೊತ್ತು?

ಅಂಗಡಿಯ ಬೋರ್ಡಿನಲ್ಲಿ ಮಾವನ ಹೆಸರಿದೆ. ಆದರೆ ಅಲ್ಲಿನ ಡಿಸೈನುಗಳನ್ನು ಬರೆದವರು ಅತ್ತೆ. ಹಿಂದೆ ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ತುಂಬುತ್ತಿದ್ದರು. ಆಮೇಲೆ ಮೌಸ್ ಹಿಡಿದರು. ಮೂರು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ನಡಿಗೆ ನಿಧಾನವಾಗಿ ಮರಳಿತು, ಬಲಗೈ ಮರಳಲಿಲ್ಲ. ಹಾಗಾಗಿ ಆ ಕಂಪ್ಯೂಟರಿನಲ್ಲಿ ಇರುವುದು ಅಳಿಸಿಹೋದರೆ ಅದನ್ನು ಮತ್ತೆ ಬರೆಯುವ ಕೈ ಈಗಿಲ್ಲ.

ಮಾವನ ಹುಚ್ಚು ಶುರುವಾದದ್ದು ಆಗಲೇ. "ಕಂಪ್ಯೂಟರ್ ಜೊತೇಲೇ ಬಂದಿರೋ ಆಂಟಿವೈರಸ್ ಸಾಕಾ, ಬೇರೆ ಹಾಕಿಸ್ಬೇಕಾ?" ಎಂಬ ಒಂದೇ ಪ್ರಶ್ನೆಯನ್ನು ಅವರು ಕಂಡಕಂಡವರಿಗೆಲ್ಲ ಕೇಳತೊಡಗಿದರು. ಬ್ಯಾಂಕಿನ ಗುಮಾಸ್ತರಿಗೆ ಕೇಳಿದರು. ಅತ್ತೆಯ ಕೈಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಣ್ಣುಮಗಳಿಗೆ ಕೇಳಿದರು. ಬೆಂಗಳೂರಿನ ರೈಲಿನಲ್ಲಿ ಎದುರು ಕುಳಿತ ಅಪರಿಚಿತರಿಗೂ ಕೇಳಿದರು. ಸಾಕು ಎಂದವರನ್ನು ನಂಬಲಿಲ್ಲ; ಸಾಲದು ಎಂದವರು ಹೇಳಿದ್ದನ್ನೆಲ್ಲ ಹಾಕಿಸಿದರು. ಕೊನೆಗೆ ಕಂಪ್ಯೂಟರಿನೊಳಗೆ ಮೂರು ಜನ ಕಾವಲುಗಾರರು ಸೇರಿಕೊಂಡು ಒಬ್ಬರನ್ನೊಬ್ಬರು ಕಳ್ಳರೆಂದು ಹಿಡಿದುಕೊಂಡು ಕೂತರು. ಬೆಳಿಗ್ಗೆ ಸ್ವಿಚ್ ಒತ್ತಿ, ಸ್ನಾನ ಮುಗಿಸಿ, ತಿಂಡಿ ತಿಂದು ಬಂದರೂ ಯಂತ್ರ ಇನ್ನೂ ಕಣ್ಣುಜ್ಜುತ್ತಿರುತ್ತಿತ್ತು. ಇದೂ ಸಾಲದೆಂದು ಮಾವ ಇಂಟರ್‌ನೆಟ್ ತಂತಿಯನ್ನೇ ಕಿತ್ತಿಟ್ಟರು!

ಈ ನಡುವೆ ಸೀರೆ ವ್ಯಾಪಾರಿಗಳ ಜೊತೆ ಸೂರತ್ತಿಗೆ ವಿಮಾನದಲ್ಲಿ ಹೋಗಿಬಂದರು. ಸೂರತ್ತಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ದೇವನಹಳ್ಳಿ ಏರ್‌ಪೋರ್ಟಿನ ತಪಾಸಣೆಯ ಬಗ್ಗೆ ಒಂದು ವಾರ ಮಾತಾಡಿದರು. ಎಂಟನೆಯ ದಿನ ಅಂಗಡಿಯ ಬಾಗಿಲಿಗೆ ಒಂದು ಸ್ಟೀಲ್ ತಟ್ಟೆ ಬಂತು. ಬಂದವರು ಪೆನ್‌ಡ್ರೈವನ್ನು ತಟ್ಟೆಯಲ್ಲಿಟ್ಟು ಕುರ್ಚಿಯಲ್ಲಿ ಕೂರಬೇಕು. ಮಾವ ಅದನ್ನು ಒಂದು ಹಳೆಯ ಲ್ಯಾಪ್‌ಟಾಪಿಗೆ ಚುಚ್ಚಿ ಅರ್ಧ ಗಂಟೆ ಪರೀಕ್ಷಿಸುತ್ತಾರೆ. ಪಾಸಾದದ್ದಕ್ಕೆ ಒಂದು ಎಳೆ ಹಳದಿ ರೇಷ್ಮೆ ದಾರ ಕಟ್ಟುತ್ತಾರೆ. ದಾರವಿಲ್ಲದ್ದು ಅತ್ತೆಯ ಕಂಪ್ಯೂಟರನ್ನು ಮುಟ್ಟುವ ಹಾಗಿಲ್ಲ. ಪ್ರತಿ ಸಲ ಹಳೆಯ ದಾರ ಕತ್ತರಿಸಿ ಹೊಸದು! ಬೆಲ್ಟು ಬಿಚ್ಚಿಸಲಿಲ್ಲ ಎಂಬುದಷ್ಟೇ ನೇಕಾರರ ಸಮಾಧಾನ.

ಹೋದ ವರ್ಷ ನನ್ನನ್ನು ನೋಡಲು ಒಬ್ಬ ವರ ಬಂದಿದ್ದರು, ಕಂಪ್ಯೂಟರ್ ಕೆಲಸದವರು. ಕಾಫಿ ಇನ್ನೂ ಅರ್ಧ ಆಗಿರಲಿಲ್ಲ, ಮಾವ ತಮ್ಮ ಪ್ರಶ್ನೆ ಇಟ್ಟರು. "ಧಾರಾಳವಾಗಿ ಸಾಕು ಬಿಡಿ ಅಂಕಲ್" ಎಂದರು ವರ. ಅವರು ಹೋದ ಮೇಲೆ ಮಾವ ತೀರ್ಪು ಕೊಟ್ಟರು: "ದಿನಕ್ಕೆ ಎಷ್ಟು ಪೆನ್‌ಡ್ರೈವ್ ಬರ್ತದೆ, ಒಳಗೆ ಏನಿಟ್ಟಿದ್ದೀರಿ, ಒಂದು ಮಾತು ಕೇಳಲಿಲ್ಲ ಕಣಮ್ಮ. ನಾಳೆ ನಿಂಗೆ ಜ್ವರ ಬಂದ್ರೂ ಹಿಂಗೇ ದೂರದಿಂದ್ಲೇ 'ಏನಿಲ್ಲ ಬಿಡು' ಅಂತಾನೆ."

ಆ ಸಂಬಂಧ ಮುಂದುವರಿಯಲಿಲ್ಲ. ಅದಕ್ಕೆ ನನ್ನವೇ ಬೇರೆ ಕಾರಣಗಳಿದ್ದವು. ಅವು ಇಲ್ಲಿ ಬೇಡ. ಮಾವ ಮಾತ್ರ ಇವತ್ತಿಗೂ ಆ ಕೀರ್ತಿಯನ್ನು ಆಂಟಿವೈರಸ್ಸಿಗೆ ಕೊಡುತ್ತಾರೆ.

ಕಡೆಗೆ ಅವರು ನನ್ನನ್ನೇ ಕೇಳಿದರು. ನಾನು ಓದಿದ್ದು ಕಂಪ್ಯೂಟರೇ ಆದ್ದರಿಂದ, ಒಂದು ಭಾನುವಾರ ಕೂತು ನೋಡಿ, ಜೊತೆಯಲ್ಲಿ ಬಂದದ್ದೇ ಸಾಕು ಎಂದೆ. ಆದರೆ ತಂತಿ ಕಿತ್ತಿಟ್ಟರೆ ಅದಕ್ಕೆ ಹೊಸ ಕಳ್ಳರ ಗುರುತು ಸಿಗುವುದಿಲ್ಲ, ಮೂರು ವರ್ಷ ಉಪವಾಸ ಕೆಡವಿದ್ದೀರಿ ಎಂದೂ ಹೇಳಿದೆ. ಉಳಿದ ಎರಡನ್ನು ತೆಗೆದುಹಾಕಿ, ಇಂಟರ್‌ನೆಟ್ ಜೋಡಿಸಿ, ಹೊಸದಾಗಿ ಬಂದದ್ದನ್ನೆಲ್ಲ ತುಂಬಿಸಿದೆ. ಯಂತ್ರ ಚುರುಕಾಯಿತು. ತಟ್ಟೆ ಮಾತ್ರ ಬಾಗಿಲಲ್ಲೇ ಉಳಿಯಿತು.

ಮುಂದಿನ ಭಾನುವಾರ ನನಗೆ ಒಂದು ಅರ್ಜಿಯ ಪ್ರಿಂಟ್ ಬೇಕಾಗಿತ್ತು. ಮಾವ ಹಾಲು ತರಲು ಹೋಗಿದ್ದರು. ಅರ್ಧ ಗಂಟೆ ಕಾದರೆ ಬಸ್ಸು ತಪ್ಪುತ್ತದೆ. ಕಂಪ್ಯೂಟರನ್ನು ಸರಿಮಾಡಿದವಳೇ ನಾನು, ನನಗೇಕೆ ತಟ್ಟೆ? ನನ್ನ ಪೆನ್‌ಡ್ರೈವನ್ನು ನೇರವಾಗಿ ಅತ್ತೆಯ ಕಂಪ್ಯೂಟರಿಗೆ ಚುಚ್ಚಿದೆ.

ಪರದೆಯ ಮೂಲೆಯಲ್ಲಿ ಎಚ್ಚರಿಕೆ ಎದ್ದಿತು: ವೈರಸ್ ಸಿಕ್ಕಿದೆ, ತಡೆಯಲಾಗಿದೆ. ಹಿಂದಿನ ದಿನ ಆಫೀಸಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಕೊಟ್ಟದ್ದು ನೆನಪಾಯಿತು. ಮಗ್ಗದವರು ಮೂರು ವರ್ಷದಲ್ಲಿ ತರದ್ದನ್ನು ತಂದವಳು, ಮನೆಯಲ್ಲಿ ಹೆಚ್ಚು ಓದಿದವಳು!

ಹಾಲಿನ ಪ್ಯಾಕೆಟ್ ಹಿಡಿದು ಬಂದ ಮಾವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಇಡೀ ಕಂಪ್ಯೂಟರನ್ನು ಒಮ್ಮೆ ಪರೀಕ್ಷೆಗೆ ಹಾಕಿ ಇಬ್ಬರೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತೆವು. ಪರದೆಯ ಮೇಲೆ ಹಸಿರು ಗೆರೆ ಇರುವೆಯ ಹಾಗೆ ತೆವಳುತ್ತಿತ್ತು. ಅತ್ತೆಯ ಡಿಸೈನುಗಳು ಹೋಗಿದ್ದರೆ ಏನು ಮಾಡುವುದು ಮಾವ, ಎಂದು ಕೇಳಿದೆ.

ಅವರು ಒಳಗೆ ಕರೆದೊಯ್ದು ಒಂದು ಟ್ರಂಕ್ ತೆರೆದರು. ತುಂಬ ಸೀರೆಗಳು. ಅತ್ತೆ ಬರೆದ ಪ್ರತಿ ಡಿಸೈನಿನಲ್ಲೂ ಒಂದೊಂದು ಸೀರೆ ನೇಯಿಸಿ ಇಟ್ಟಿದ್ದರು. ಎಳೆ ಎಣಿಸಿದರೆ ಯಾವ ಡಿಸೈನನ್ನಾದರೂ ಮತ್ತೆ ಇಳಿಸಿಕೊಳ್ಳಬಹುದಂತೆ. ಮಡಿಕೆಗಳ ನಡುವೆ ಬಿಳಿಯ ನುಸಿಗುಳಿಗೆಗಳು. "ಇದ್ರ ಆಂಟಿವೈರಸ್ಸು" ಎಂದರು.

"ಹಾಗಾದ್ರೆ ಇಷ್ಟು ದಿನ ಯಾತಕ್ಕೆ ಮಾವ ಅಷ್ಟು ಹೆದರಿದ್ದು?"

ಅವರು ಕಂಪ್ಯೂಟರಿನ ಮುಂದೆ ಬಂದು ಕೂತರು. ಪರೀಕ್ಷೆ ಮುಗಿದಿತ್ತು; ಬೇರೇನೂ ಸಿಕ್ಕಿರಲಿಲ್ಲ. ಒಂದು ಫೋಲ್ಡರ್ ತೆರೆದರು. ಅದರ ಹೆಸರು 'ಎಡಗೈ'. ಒಳಗೆ ದಿನಕ್ಕೊಂದರಂತೆ ಚಿತ್ರಗಳು. ಮೊದಲನೆಯವು ಬರೀ ಗೀಚು. ಆಮೇಲೆ ನಡುಗುವ ಒಂದು ಗೆರೆ. ಆಮೇಲೆ ಗೆರೆ ಬಾಗಲು ಕಲಿಯುತ್ತದೆ. ಕೊನೆಯದರಲ್ಲಿ ಒಂದು ಮಾವಿನಕಾಯಿ ಬುಟ್ಟಾ; ಸೊಟ್ಟಗೆ, ತೊಟ್ಟಿಲ್ಲದೆ, ಆದರೆ ಮಾವಿನಕಾಯಿಯೇ.

"ಇದನ್ನ ಯಾವ ಮಗ್ಗಕ್ಕೂ ಹಾಕಕ್ಕಾಗಲ್ಲ ಕಣಮ್ಮ," ಎಂದರು ಮಾವ. "ಇದಕ್ಕೆ ಸೀರೆ ಇಲ್ಲ."

ಇದೊಂದರ ಪ್ರತಿ ಬೇರೆಲ್ಲೂ ಇರಲಿಲ್ಲ. ನನ್ನ ಪೆನ್‌ಡ್ರೈವನ್ನು ಪೂರ್ತಿ ಅಳಿಸಿ, ನಾನೇ ಹೋಗಿ ತಟ್ಟೆಯಲ್ಲಿಟ್ಟೆ. ಹಳೆಯ ಲ್ಯಾಪ್‌ಟಾಪ್ ಅರ್ಧ ಗಂಟೆ ತೆಗೆದುಕೊಂಡಿತು. ಮಾವ ದಾರಕ್ಕೆ ಕೈ ಹಾಕುವಷ್ಟರಲ್ಲಿ ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಕೊಡ್ರಿ ಇಲ್ಲಿ. ನೀವು ಕಟ್ಟಿದ ಗಂಟು ಊರು ದಾಟಲ್ಲ," ಎಂದರು.

ಪೆನ್‌ಡ್ರೈವನ್ನು ಮೊಣಕಾಲುಗಳ ನಡುವೆ ಹಿಡಿದು ಎಡಗೈಯಲ್ಲಿ ದಾರ ಸುತ್ತತೊಡಗಿದರು. ಎರಡು ಸಲ ಜಾರಿತು. ಮಾವ ಕಿಟಕಿಯ ಕಡೆ ನೋಡುತ್ತ ಕೂತರು. ನಾನು ನೆಲ ನೋಡುತ್ತ ಕೂತೆ. ಇಬ್ಬರೂ ಕೈ ಚಾಚಲಿಲ್ಲ. ಕೊನೆಗೆ ಅತ್ತೆ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಬಿಗಿದರು.

'ಎಡಗೈ' ಈಗ ಎರಡು ಕಡೆ ಇದೆ. ಆ ದಿನದ ಬಸ್ಸು ಮಾತ್ರ ಹೋಗಿಬಿಟ್ಟಿತ್ತು.