ಕಪ್ಪೆ ಕಾಳಗದ ಚಾಂಪಿಯನ್

ನನ್ನ ಜೀವನದಲ್ಲಿ ನಾನು ಮೊದಲ ಸ್ಥಾನ ಪಡೆದದ್ದು ಒಂದೇ ಒಂದು ವಿಷಯದಲ್ಲಿ. ಅದು ಕಪ್ಪೆ ಕಾಳಗ. ಕಾಲೇಜು ಹಾಸ್ಟೆಲ್ಲಿನಲ್ಲಿ ನಾವು ಆಡುತ್ತಿದ್ದ ಕಂಪ್ಯೂಟರ್ ಆಟ ಅದು. ಅದರ ಇಂಗ್ಲಿಷ್ ಹೆಸರು ನಮಗ್ಯಾರಿಗೂ ನೆನಪಿಲ್ಲ. ಒಂದು ಕೆರೆ, ಒಂದಷ್ಟು ತಾವರೆ ಎಲೆ, ನಾಲ್ಕು ಕಪ್ಪೆ. ಒಂದೇ ಕೀಬೋರ್ಡಿನ ಮೇಲೆ ನಾಲ್ಕು ಜನ ಮೈಗೆ ಮೈ ಒತ್ತಿಕೊಂಡು ಕೂತು, ಬೇರೆಯವರ ಕಪ್ಪೆಯನ್ನು ನೀರಿಗೆ ತಳ್ಳಬೇಕು. ಎರಡು ವರ್ಷ ನನ್ನ ಕಪ್ಪೆಯನ್ನು ತಳ್ಳಿದವರಿಲ್ಲ! ಈ ವಿಷಯವನ್ನು ನನ್ನ ಹೆಂಡತಿ ಸುಮಾಗೆ ಮದುವೆಯಾದಂದಿನಿಂದ ಹೇಳುತ್ತಲೇ ಬಂದಿದ್ದೇನೆ.

ಹೀಗಿರಲು, ಹಾಸ್ಟೆಲ್ಲಿನ ರೂಮ್‌ಮೇಟ್ ಶಿವನಗೌಡ ಫೋನ್ ಮಾಡಿದ. ವಿಜಯಪುರದ ಕಡೆಯವನು, ಈಗ ಯಲಹಂಕದಲ್ಲಿ ಲೆಕ್ಚರರ್. ಹೆಂಡತಿ ತವರಿಗೆ ಹೋಗಿದ್ದಾಳೆ, ಭಾನುವಾರ ಕೊಡಿಗೇಹಳ್ಳಿಗೆ ಬಂದು ನಿಮ್ಮ ಮನೆಯಲ್ಲೇ ಉಳಿಯುತ್ತೇನೆ ಎಂದ.

"ಬಾರೋ, ಕಪ್ಪೆ ಕಾಳಗ ಆಡೋಣ. ಹೊಸ ಕಂಪ್ಯೂಟರಲ್ಲಿ ಓಡೋ ಹಾಗೆ ಮಾಡಿಟ್ಟಿರ್ತೀನಿ" ಎಂದು ಮಾತು ಕೊಟ್ಟುಬಿಟ್ಟೆ.

"ರೀ, ನಿಮ್ಮ ಕೈಲಿ ಆಗತ್ತಾ?" ಎಂದಳು ಸುಮಾ.

"ನಾನು ಸಾಫ್ಟ್‌ವೇರ್ ಮ್ಯಾನೇಜರ್ ಕಣೇ!"

"ಅದಕ್ಕೇ ಕೇಳಿದ್ದು."

ಆಟದ ಸಿಡಿ ನನ್ನಲ್ಲಿ ಭದ್ರವಾಗಿತ್ತು. ಎಷ್ಟು ಭದ್ರವೆಂದರೆ, ಪ್ರತಿ ಆಯುಧಪೂಜೆಗೂ ಸ್ಕೂಟರ್, ಮಿಕ್ಸಿ, ಸುತ್ತಿಗೆಗಳ ಸಾಲಿನಲ್ಲಿ ಅದನ್ನೂ ಇಟ್ಟು, ಹೊಳೆಯುವ ಬದಿಯೇ ಮುಖವೆಂದು ತೀರ್ಮಾನಿಸಿ, ಮೂರೆಳೆ ವಿಭೂತಿ ಬಳಿದು, ನಡುವೆ ಕುಂಕುಮ ಇಟ್ಟಿದ್ದೆ. ಅದು ಪದರ ಪದರವಾಗಿ ಗಟ್ಟಿಯಾಗಿತ್ತು. ದೇವರ ದೀಪಕ್ಕೆ ಹುಣಸೆಹಣ್ಣು ಹಚ್ಚಿದರೆ ಫಳಫಳ ಹೊಳೆಯುತ್ತದಲ್ಲ, ಇದಕ್ಕೂ ಹಚ್ಚಿ ತೆಂಗಿನ ನಾರಿನಿಂದ ಗಸಗಸ ಉಜ್ಜಿದೆ. ಕುಂಕುಮ ಹೋಯಿತು. ಆಟವೂ ಹೋಯಿತು!

ಆದರೆ ನಾನು ಸೋಲುವವನೇ? ಹುಡುಕಿ ಹುಡುಕಿ, ಆ ಆಟ ಬರೆದ ಪರದೇಶದ ಮುದುಕರೊಬ್ಬರನ್ನು ಅಂತರ್ಜಾಲದಲ್ಲಿ ಪತ್ತೆ ಹಚ್ಚಿದೆ. ಇಮೇಲ್ ಕಳಿಸಿದೆ. ಆಫೀಸಿನ ಅಭ್ಯಾಸಬಲದಿಂದ ಎರಡು ಗಂಟೆಯಲ್ಲಿ ವಿನಮ್ರ ಜ್ಞಾಪನೆಯೊಂದನ್ನೂ ಕಳಿಸಿದೆ. ಪಾಪ, ಒಳ್ಳೆಯ ಮನುಷ್ಯ. ಮರುದಿನವೇ ಆಟದ ಪೂರ್ತಿ ಕೋಡ್ ಕಳಿಸಿ, ಇನ್ನೂ ಯಾರಾದರೂ ಇದನ್ನು ನೆನೆಸಿಕೊಂಡಿದ್ದಾರಲ್ಲ ಎಂದು ಸಂತೋಷಪಟ್ಟರು.

ಕೋಡ್ ತೆರೆದೆ. ಒಂದು ಸಾಲೂ ಅರ್ಥವಾಗಲಿಲ್ಲ! ನಾನು ಕೋಡ್ ಬರೆದು ಹದಿನೈದು ವರ್ಷವಾಗಿದೆ. ದಿಕ್ಕು ತೋಚದೆ, ನನಗೆ ಗೊತ್ತಿರುವ ಒಂದೇ ಕೆಲಸ ಮಾಡಿದೆ. ಮೀಟಿಂಗ್ ಕರೆದೆ. ಹಾಜರಿದ್ದವನು ನಾನೊಬ್ಬನೇ. "ಎಲ್ಲಿಗೆ ಬಂತು ಕೆಲಸ?" ಎಂದು ಗಟ್ಟಿಯಾಗಿ ಕೇಳಿದೆ. ಉತ್ತರ ಕೊಡಬೇಕಾದವನೂ ನಾನೇ ಆದ್ದರಿಂದ ಬಹಳ ಕಷ್ಟವಾಯಿತು.

ಹೇಗೋ ತಿಣುಕಿ ಶುಕ್ರವಾರದ ಹೊತ್ತಿಗೆ ಓಡಿಸಿದೆ. ಸುಮಾಳನ್ನು ಕರೆದು, ಗಂಭೀರವಾಗಿ ಗುಂಡಿ ಒತ್ತಿದೆ. ಪರದೆ ಒಮ್ಮೆ ಮಿಂಚಿತು. ನಾಲ್ಕೂ ಕಪ್ಪೆ ನೀರಿನಲ್ಲಿದ್ದವು!

"ಮುಗೀತಾ? ಇದಕ್ಕೇನಾ ನೀವು ಚಾಂಪಿಯನ್ನು?"

ತಪ್ಪು ಕಪ್ಪೆಗಳದ್ದಲ್ಲ. ಹಳೆಯ ಆಟಕ್ಕೆ ಗಡಿಯಾರವೇ ಇರಲಿಲ್ಲ, ಕಂಪ್ಯೂಟರ್ ಎಷ್ಟು ಜೋರಾಗಿ ಓಡುತ್ತದೋ ಅಷ್ಟು ಜೋರಾಗಿ ಅದೂ ಓಡುತ್ತಿತ್ತು. ಅಲ್ಲಲ್ಲಿ "ಸ್ವಲ್ಪ ಕಾಯಿ" ಎಂದು ಕೋಡಿನಲ್ಲಿ ಸೇರಿಸಿದೆ. ಈಗ ನೆಗೆದ ಕಪ್ಪೆ ಕೆಳಗೇ ಇಳಿಯಲಿಲ್ಲ. ಸುಮಾ ಅಂಗಡಿಗೆ ಹೋಗಿ ಹಾಲು ತಂದು ಕಾಫಿ ಮಾಡಿದಳು. ಕಪ್ಪೆ ಇನ್ನೂ ಗಾಳಿಯಲ್ಲೇ ಇತ್ತು. ಶನಿವಾರ ಸಂಜೆ ಅಂತೂ ಹದಕ್ಕೆ ಬಂತು. ಖುಷಿಗೆ, ಒಬ್ಬೊಬ್ಬರಿಗೂ ಬೇರೆ ಬೇರೆ ಕೀಬೋರ್ಡ್ ಜೋಡಿಸುವ ಸೌಲಭ್ಯವನ್ನೂ ಸೇರಿಸಿದೆ. ಯಾರು ಕೇಳಿದ್ದರು?

ಭಾನುವಾರ ಊಟವಾದ ಮೇಲೆ ನಾನು, ಸುಮಾ, ಶಿವನಗೌಡ ಕೂತೆವು. ನಾಲ್ಕನೆಯವರಾಗಿ ಕೆಳಗಿನ ಮನೆಯಿಂದ ನಮ್ಮ ಓನರ್ ಮುನಿರಾಜಣ್ಣ ಬಂದರು. ಕಂಪ್ಯೂಟರ್ ಮುಟ್ಟಿದವರೇ ಅಲ್ಲ. ಮೊದಲು ಹಳೇ ಪದ್ಧತಿಯಲ್ಲೇ ಆಡೋಣವೆಂದು ಅಟ್ಟದಿಂದ ಹಾಸ್ಟೆಲ್ ಕಾಲದ ನನ್ನ ಹಳೆಯ ಕೀಬೋರ್ಡ್ ತೆಗೆದಿದ್ದೆ. ಗೆದ್ದೆ! ಮತ್ತೆ ಗೆದ್ದೆ! ಮತ್ತೆ ಮತ್ತೆ ಗೆದ್ದೆ!

"ಇದೇನ್ಸಾ ಇಂಗೆ? ನನ್ ಕಪ್ಪೆ ಎಗರೋದೇ ಇಲ್ವಲ್ಲ!" ಎಂದರು ಮುನಿರಾಜಣ್ಣ.

"ಅಭ್ಯಾಸ ಬೇಕು ಮುನಿರಾಜಣ್ಣ" ಎಂದೆ, ದೊಡ್ಡ ಮನಸ್ಸಿನಿಂದ.

ಸುಮಾ ಪರದೆ ನೋಡುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದಳು. "ರೀ, ಸ್ವಲ್ಪ ಕೈ ತೆಗೀರಿ."

ತೆಗೆದೆ. ಮೂವರ ಕಪ್ಪೆಗಳೂ ಚಂಗನೆ ನೆಗೆದವು.

"ಈಗ ಇಡಿ."

ಎಂದಿನಂತೆ ಮೂರು ಬೆರಳಿನಲ್ಲಿ ನನ್ನ ಪಾಲಿನ ಮೂರು ಗುಂಡಿ ಒತ್ತಿ ಹಿಡಿದೆ. ಮೂರೂ ಕಪ್ಪೆಗಳು ಕಲ್ಲಾದವು!

ಹಳೆಯ ಕೀಬೋರ್ಡುಗಳ ಹಣೆಬರಹವೇ ಅಷ್ಟು. ಮೂರು ಗುಂಡಿ ಒಟ್ಟಿಗೆ ಒತ್ತಿ ಹಿಡಿದರೆ ನಾಲ್ಕನೆಯದು ಅದಕ್ಕೆ ತಿಳಿಯುವುದೇ ಇಲ್ಲ. ನಾನು ಎಂದೂ ಬೆರಳು ಎತ್ತಿದವನೇ ಅಲ್ಲ. ಎರಡು ವರ್ಷ ನಾನು ಆಡಿ ಗೆದ್ದಿರಲಿಲ್ಲ, ಬೇರೆಯವರನ್ನು ಆಡಲು ಬಿಡದೆ ಗೆದ್ದಿದ್ದೆ.

"ಬೇರೆ ಬೇರೆ ಕೀಬೋರ್ಡ್ ಹಾಕೋ ಹಾಗೆ ಮಾಡಿದ್ದೀನಿ ಅಂದ್ರಲ್ಲ, ಹಾಕಿ" ಎಂದಳು ಸುಮಾ. ಹಾಕಿದೆ. ಹತ್ತು ಆಟ, ಹತ್ತರಲ್ಲೂ ಮೊದಲು ನೀರಿಗೆ ಬಿದ್ದದ್ದು ನನ್ನ ಕಪ್ಪೆ! ಏಳು ಆಟ ಗೆದ್ದ ಮುನಿರಾಜಣ್ಣ, ನೀರಿನ ಟ್ಯಾಂಕರ್ ಬಂತೆಂದು ಒಲ್ಲದ ಮನಸ್ಸಿನಿಂದ ಎದ್ದು ಹೋದರು.

ಶಿವನಗೌಡ ಆ ಹಳೆಯ ಕೀಬೋರ್ಡನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಆಗ ನನಗೆ ಹಾಸ್ಟೆಲ್ಲಿನ ಪಂದ್ಯ ನೆನಪಾಯಿತು. ಕಪ್ಪೆ ಕಾಳಗದಲ್ಲಿ ಸೋತವನು ಗೆದ್ದವನ ಸ್ನಾನಕ್ಕೆ ಕೆಳಗಿನ ಒಲೆಯಿಂದ ಮೂರನೇ ಮಹಡಿಗೆ ಬಿಸಿನೀರು ಹೊರಬೇಕಿತ್ತು.

"ಲೇ, ಎರಡು ವರ್ಷ ನಿನಗ ಬಿಸಿನೀರು ಹೊತ್ತೀನಲೇ! ನನ್ನ ಕೈಯಾಗ ಏನೋ ದೋಷ ಐತಿ ಅಂತ ತಿಳಿದಿದ್ದೆ ನಾನು!" ಎಂದ ಶಿವನಗೌಡ.

ನನಗೆ ನಿಜಕ್ಕೂ ನಾಚಿಕೆಯಾಯಿತು. "ತಪ್ಪಾಯ್ತು ಕಣೋ" ಎಂದೆ. ಅವನು ನನ್ನ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಸುಮಾ ಅವನಿಗಿಂತ ಜೋರಾಗಿ ನಕ್ಕಳು. ತೀರ್ಪನ್ನೂ ಅವಳೇ ಕೊಟ್ಟಳು.

ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಹಬೆಯಾಡುವ ಬಕೆಟ್ ಹೊತ್ತು, ಏದುಸಿರು ಬಿಡುತ್ತಾ ಹಾಲ್ ದಾಟುತ್ತಿದ್ದೆ. ಇನ್ನೊಂದು ಆಟಕ್ಕೆಂದು ಬಂದ ಮುನಿರಾಜಣ್ಣ ಬಾಗಿಲಲ್ಲೇ ನಿಂತರು.

"ಏನ್ಸಾ, ಗೀಸರ್ ಕೆಟ್ಟೋಯ್ತಾ? ಒಂದ್ ಮಾತು ಯೋಳ್ಬಾರ್ದಾ?"

"ಗೀಸರ್ ಚೆನ್ನಾಗೇ ಇದೆ ಮುನಿರಾಜಣ್ಣ. ಆಟಾನೂ ಈಗ ಚೆನ್ನಾಗೇ ಇದೆ. ಎಲ್ಲಾ ನಾನೇ ರಿಪೇರಿ ಮಾಡಿದ್ದು!" ಎಂದು ಹೇಳಿ, ಚೆಲ್ಲದಂತೆ ಬಕೆಟ್ ಎತ್ತಿಕೊಂಡು ಬಚ್ಚಲಿನ ಕಡೆ ನಡೆದೆ.