ಆಮೆನ್ ಮೇರಿಗೆ ಫಿಂಟನ್ ಕೊಟ್ಟ ಸರ್ಟಿಫಿಕೇಟು

ಈ ಸಲ ಏಳಕ್ಕೆ ಏಳೂ ಗೆಲ್ಲುವ ಕುದುರೆಗಳನ್ನೇ ಹೇಳಿಬಿಡುತ್ತೇನೆ ಎಂದು ಫಿಂಟನ್ ಗಿಲ್‌ಹೂಲಿ ಅಡುಗೆಮನೆಯ ಮೇಜು ಗುದ್ದಿ ಘೋಷಿಸಿದ. ಮೇಜಿನ ಮೇಲಿದ್ದ ಟೀ ಚೆಲ್ಲಿತು. ಕ್ರಿಸ್‌ಮಸ್ಸಿನ ಮರುದಿನ ಬ್ಯಾಲಿಕರ್ರಾ ಊರಿನ ಮೈದಾನದಲ್ಲಿ ಬೇಲಿ ಹಾರುವ ಕುದುರೆಗಳ ರೇಸು. ಒಟ್ಟು ಏಳು ಓಟ. ಯಾವ ಓಟದಲ್ಲಿ ಯಾವ ಕುದುರೆ ಗೆಲ್ಲಬಹುದು ಎಂದು ಜಿಲ್ಲೆಯ ವಾರಪತ್ರಿಕೆಗೆ ಮೊದಲೇ ಬರೆದುಕೊಡುವ ಪಟ್ಟ ಹನ್ನೊಂದು ವರ್ಷಗಳಿಂದ ಫಿಂಟನ್‌ನದು. ಉಳಿದ ದಿನಗಳಲ್ಲಿ ಅವನು ಮೊಳೆ, ಬಣ್ಣ, ಬಕೆಟ್ಟು ಮಾರುವ ಅಂಗಡಿಯವನು.

"ಹೋದ ವರ್ಷಾನೂ ಹೀಗೇ ಅಂದಿದ್ದೆ," ಎಂದಳು ಹೆಂಡತಿ ಅಟ್ರಾಕ್ಟಾ, ಟೀ ಒರೆಸುತ್ತ. "ಆ ಏಳರಲ್ಲಿ ಒಂದು ಕುದುರೆ ಇನ್ನೂ ಓಡ್ತಾನೇ ಇದೆಯಂತೆ."

"ಹೋದ ವರ್ಷ ನೆಲ ಗಟ್ಟಿಯಿತ್ತು. ಅದು ನನ್ನ ತಪ್ಪಾ?"

"ಅದರ ಹಿಂದಿನ ವರ್ಷ ಮೆತ್ತಗಿತ್ತು. ಪಾಪ, ಆ ನೆಲಕ್ಕೇ ನಿನ್ನ ಕಂಡ್ರೆ ಆಗಲ್ಲ."

ಫಿಂಟನ್‌ನ ಪರವಾಗಿ ಒಂದು ಮಾತು ಹೇಳಲೇಬೇಕು. ಒಳ್ಳೆಯ ಕೋಟು ಹಾಕಿಕೊಂಡು ಬೆಳಗ್ಗೆ ಟೀವಿಯಲ್ಲಿ ಒಂದು ಕುದುರೆಯನ್ನು ಹೊಗಳಿ, ಅದು ಮುಗ್ಗರಿಸಿ ಬಿದ್ದ ಮೇಲೆ ಸಂಜೆ ಅದೇ ಕೋಟಿನಲ್ಲಿ "ನನಗೆ ಮೊದಲಿಂದಲೂ ಅನುಮಾನವಿತ್ತು" ಎನ್ನುವ ಮಹಾಪಂಡಿತರ ಜಾತಿಯವನಲ್ಲ ಅವನು. ಆ ಪಂಡಿತರ ಮಾತು ನಂಬಿ ಯಾರದೋ ವಾರದ ಕೂಲಿ ಬಾಜಿ ಕಟ್ಟಿಸಿಕೊಳ್ಳುವ ಬುಕ್ಕಿಯ ಚೀಲ ಸೇರುತ್ತದೆ. ಪಂಡಿತರ ಸಂಬಳದಲ್ಲಿ ಮಾತ್ರ ಒಂದು ಕಾಸೂ ಕಡಿತವಾಗುವುದಿಲ್ಲ. ಭವಿಷ್ಯ ಹೇಳಿ ತಪ್ಪಿದರೆ ದುಡ್ಡು ವಾಪಸು ಕೊಡಬೇಕೆಂಬ ಕಾನೂನು ಬಂದರೆ ಈ ದೇಶದಲ್ಲಿ ಅರ್ಧ ಜನಕ್ಕೆ ಬಾಯೇ ಇರುವುದಿಲ್ಲ. ಫಿಂಟನ್ ಹಾಗಲ್ಲ. ಅವನು ಮಳೆಯಲ್ಲಿ ಮೈದಾನವಿಡೀ ನಡೆದು, ಪ್ರತಿ ಬೇಲಿಯ ಬುಡದಲ್ಲೂ ಊರುಗೋಲು ಚುಚ್ಚಿ ಕೆಸರಿನ ಆಳ ನೋಡಿ, ಯಾರ ಮುಲಾಜಿಗೂ ಬೀಳದೆ, ಸ್ವಂತ ಬುದ್ಧಿಯಿಂದ ತಪ್ಪುತ್ತಿದ್ದ.

ಆ ವಾರ ಕೋಲು ಮೊಣಕಾಲುದ್ದ ಇಳಿಯಿತು. ಅದನ್ನು ಒರೆಸಿಕೊಂಡು ಫಿಂಟನ್ ಗೇಟಿನ ಕೀಲು ತಲುಪಿಸಲು ಲೋರ್ಕನ್‌ನ ಲಾಯಕ್ಕೆ ಹೋದ. ಲೋರ್ಕನ್ ಅಟ್ರಾಕ್ಟಾಳ ಚಿಕ್ಕಪ್ಪನ ಮಗ, ಕುದುರೆ ಪಳಗಿಸುವವನು. ಅಲ್ಲಿ ಕಂಡ ದೃಶ್ಯಕ್ಕೆ ಫಿಂಟನ್‌ನ ಕೈಯಿಂದ ಕೀಲು ಜಾರಿತು. ಹಿತ್ತಿಲ ಏರಿನಲ್ಲಿ, ಟ್ರ್ಯಾಕ್ಟರ್ ಹೂತುಹೋಗುವಂಥ ಕೆಸರಿನಲ್ಲಿ, ಒಂದು ಕಂದು ಹೆಣ್ಣುಕುದುರೆ ಮದುವೆಮನೆಗೆ ಹೊರಟವಳಂತೆ ಹಗುರವಾಗಿ ಹಾರಿಕೊಂಡು ಬರುತ್ತಿತ್ತು. ಅದು ಆಮೆನ್ ಮೇರಿ. ಚರ್ಚಿನ ಹಾಡುಗಾರ್ತಿಯರೆಲ್ಲ ಸೇರಿ ಸಾಕುತ್ತಿರುವ ಕುದುರೆ. ಅಲ್ಲಿ ಆರ್ಗನ್ ಬಾರಿಸುವವಳು ಅಟ್ರಾಕ್ಟಾ. "ಅದಕ್ಕೆ ಕೆಮ್ಮು, ಗಾಡಿಗೂ ಲಾಯಕ್ಕಿಲ್ಲ" ಎಂದು ತಿಂಗಳಿಂದ ಊಟಕ್ಕೆ ಕೂತಾಗಲೆಲ್ಲ ಗಂಡನಿಗೆ ಹೇಳುತ್ತ ಬಂದವಳೂ ಅವಳೇ.

"ಕೆಮ್ಮು ಅಂದಿದ್ರಲ್ಲ?" ಎಂದು ಕೇಳಿದ ಫಿಂಟನ್.

ಲೋರ್ಕನ್ ಆಕಾಶ ನೋಡಿದ. "ಕೆಮ್ಮು ನನಗೆ," ಎಂದು ಒಮ್ಮೆ ಕೆಮ್ಮಿಯೂ ತೋರಿಸಿದ.

ಮನೆಗೆ ಬಂದವನೇ ಫಿಂಟನ್ ಬೂಟು ಕೂಡ ಬಿಚ್ಚದೆ ನಿಂತ. "ನಾಲ್ಕನೇ ಓಟ ಆಮೆನ್ ಮೇರೀದು. ಬರೀತಾ ಇದೀನಿ."

ಅಟ್ರಾಕ್ಟಾ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿ, ಚಾಕು ಕೆಳಗಿಟ್ಟಳು. "ಫಿಂಟನ್, ಕೂತ್ಕೋ. ಇವತ್ತು ಆ ಕುದುರೆಗೆ ಬುಕ್ಕಿ ಒಂದಕ್ಕೆ ಇಪ್ಪತ್ತು ಕೊಡ್ತಾನೆ. ಯಾಕೆ? ಅದರ ಯೋಗ್ಯತೆ ಯಾರಿಗೂ ಗೊತ್ತಿಲ್ಲ. ನಾವೆಲ್ಲ ಕೇಕು ಮಾರಿ, ಹಳೇ ಬಟ್ಟೆ ಮಾರಿ ಕೂಡಿಟ್ಟದ್ದನ್ನ ರೇಸಿನ ದಿನ ಅದರ ಮೇಲೆ ಹಾಕ್ತೀವಿ. ಗೆದ್ದರೆ ಆರ್ಗನ್ ರಿಪೇರಿ. ನೀನು ಬರೆದ್ರೆ ಊರೆಲ್ಲ ಅದರ ಮೇಲೇ ಕಟ್ಟುತ್ತೆ, ಇಪ್ಪತ್ತು ಹೋಗಿ ಮೂರಾಗುತ್ತೆ. ಆಗ ಆರ್ಗನ್ನಿನ ಒಂದು ಪೆಡಲೂ ಬರಲ್ಲ."

ಆ ಆರ್ಗನ್ನಿನ ಸಂಗತಿ ಊರಿಗೇ ಗೊತ್ತು. ಹೋದ ಈಸ್ಟರಿಗೆ ಬಿಷಪ್ಪರು ಕಣ್ಣುಮುಚ್ಚಿ ಮೌನಪ್ರಾರ್ಥನೆಗೆ ನಿಂತಾಗ ಅದು ತಾನಾಗಿಯೇ, ಈಯಲು ಹೊರಟ ಹಸುವಿನ ಹಾಗೆ ಕೂಗಿತ್ತು. ಹಿಂದಿನ ಸಾಲಿನ ರೈತನೊಬ್ಬ ಅಭ್ಯಾಸಬಲದಿಂದ ಎದ್ದು ಹೊರಗೂ ಹೋಗಿದ್ದ.

"ಹಾಗಾದ್ರೆ ಇಷ್ಟು ದಿನ ನನಗೆ ಸುಳ್ಳು ಹೇಳಿದ್ಯಾ?"

"ನಿನಗೆ ಹೇಳಿದ್ರೆ ಪತ್ರಿಕೆಗೆ ಹೇಳಿದ ಹಾಗೆ. ಈಗ್ಲೂ ಕಾಲ ಮಿಂಚಿಲ್ಲ. ಬೇರೆ ಯಾವುದಾದ್ರೂ ಕತ್ತೆ ಹೆಸರು ಬರಿ."

"ನನ್ನ ಓದುಗರಿಗೆ ಸುಳ್ಳು ಹೇಳಲಾ? ಗೆಲ್ಲೋ ಕುದುರೆ ಗೊತ್ತಿದ್ದೂ ಮುಚ್ಚಿಡಲಾ, ಅದೂ ನನ್ನ ಹೆಂಡತಿ ಲಾಭಕ್ಕೆ? ಆಗಲ್ಲ, ಅಟ್ರಾಕ್ಟಾ."

"ಹನ್ನೊಂದು ವರ್ಷದಿಂದ ಅವರಿಗೆ ನಿಜಾನೇ ಹೇಳ್ತಿದ್ದೆ ಅಂತೀಯಾ?"

ಫಿಂಟನ್ ಬರೆದ. ಬರಿದೇ ಬರೆಯಲಿಲ್ಲ, ಮೆರವಣಿಗೆ ಹೊರಡಿಸಿದ: "ಕೆಸರಿನ ರಾಣಿ ಆಮೆನ್ ಮೇರಿ. ಕೊನೆಯೆರಡು ಬೇಲಿಗಳಲ್ಲಿ ಮಿಕ್ಕ ಕುದುರೆಗಳು ಉಸಿರಿಗಾಗಿ ಬಾಯಿ ಬಿಡುವಾಗ ಇವಳು ಹಾಡಿಕೊಂಡು ಬರುತ್ತಾಳೆ."

ಪತ್ರಿಕೆ ಹೊರಬಂದ ದಿನದಿಂದ ಮನೆಯಲ್ಲಿ ಮೌನವ್ರತ. ಕ್ರಿಸ್‌ಮಸ್ ಊಟಕ್ಕೆ ಫಿಂಟನ್‌ಗೆ ಟರ್ಕಿಕೋಳಿಯ ಕುತ್ತಿಗೆ ಬಂತು. ಗ್ರೇವಿ ಕೇಳಿದ. "ಓದುಗರನ್ನ ಕೇಳು," ಎಂದಳು ಅಟ್ರಾಕ್ಟಾ. ಹಾಡುಗಾರ್ತಿಯರು ಚರ್ಚಿನ ಬಾಗಿಲಲ್ಲಿ ಅವನನ್ನು ಕಂಡು, ಮುಖ ತಿರುಗಿಸಬೇಕಾದ ಕ್ರಮದಲ್ಲಿ ಒಬ್ಬೊಬ್ಬರಾಗಿ, ತಾಳತಪ್ಪದೆ ತಿರುಗಿಸಿದರು.

ರೇಸಿನ ದಿನ ಬಿಡದೆ ಮಳೆ. ಮೊದಲ ಮೂರು ಓಟಗಳಲ್ಲಿ ಫಿಂಟನ್ ಹೊಗಳಿದ ಕುದುರೆಗಳಲ್ಲಿ ಒಂದು ಬೇಲಿಯ ಮುಂದೆ ನಿಂತು ಹುಲ್ಲು ಮೂಸಿತು, ಒಂದು ಸವಾರನನ್ನು ಕೆಸರಲ್ಲಿ ಇಳಿಸಿ ಒಂಟಿಯಾಗಿ ಸುತ್ತು ಮುಗಿಸಿತು, ಇನ್ನೊಂದು ಕೊನೆಯದಾಗಿ ಬಂತು. ಅವನಿಗೆ ಅದರ ಚಿಂತೆಯಿರಲಿಲ್ಲ. ನಾಲ್ಕನೇ ಓಟಕ್ಕೆ ಮೇರಿಯ ದರ ಎಷ್ಟಕ್ಕೆ ಇಳಿದಿದೆಯೋ, ಆರ್ಗನ್ನಿನ ಕುತ್ತಿಗೆಯನ್ನು ಎಷ್ಟು ಹಿಚುಕಿದ್ದೇನೋ ಎಂದು ಹೆದರುತ್ತ ಬುಕ್ಕಿಗಳ ಸಾಲಿಗೆ ಹೋದ. ಕೊಡೆಯಡಿಯಲ್ಲಿ ಸ್ಟೂಲಿನ ಮೇಲೆ ನಿಂತಿದ್ದ ಬುಕ್ಕಿ ಮಾಸ್ಸಿಯ ಹಲಗೆ ನೋಡಿ ಕನ್ನಡಕ ಒರೆಸಿಕೊಂಡ.

ಒಂದಕ್ಕೆ ಮೂವತ್ತಮೂರು.

"ಏನಯ್ಯಾ ಇದು ಮಾಸ್ಸಿ? ಇಪ್ಪತ್ತಿತ್ತಲ್ಲ?"

"ಇತ್ತು. ನಿನ್ನ ಪತ್ರಿಕೆ ಬಂತು ನೋಡು, ಆಮೇಲೆ ಒಬ್ಬನೂ ಅದರ ಹತ್ರ ಸುಳೀತಿಲ್ಲ." ಮಾಸ್ಸಿ ಬಗ್ಗಿ, ದೇವರಂಥ ಮನುಷ್ಯನ ಕೈ ಹಿಡಿಯುವಂತೆ ಫಿಂಟನ್‌ನ ಕೈ ಹಿಡಿದ. "ದೇವರು ನಿನ್ನ ಚೆನ್ನಾಗಿಟ್ಟಿರ್ಲಿ. ನೀನು ಹೇಳಿದ್ದನ್ನ ಬಿಟ್ಟು ಮಿಕ್ಕವುಗಳ ಮೇಲೆ ಕಟ್ಟಿ ಅಂತ ಅಪ್ಪಂದಿರು ಮಕ್ಕಳಿಗೆ ಹೇಳಿಕೊಡೋ ಊರು ಇದು."

"ಆದರೆ ಇದು ಸ್ವತಃ ಕಣ್ಣಾರೆ ನೋಡಿ ಬರೆದದ್ದು, ಮಾರಾಯ!"

"ಗೊತ್ತು ಬಿಡು," ಎಂದ ಮಾಸ್ಸಿ, ದನಿ ತಗ್ಗಿಸಿ. "ಹೆಂಡತಿ ಕುದುರೆ. ಮನೇಲಿ ಇರಬೇಕಲ್ಲ ನೀನೂ. ಹೆದರಿ ಬರೆದಿದ್ದಾನೆ ಪಾಪ ಅಂತ ಊರಿಗೆಲ್ಲ ಅರ್ಥವಾಗಿದೆ."

ಫಿಂಟನ್ ಹಲಗೆಯನ್ನು ಮತ್ತೊಮ್ಮೆ ಓದಿದ. ಕುತ್ತಿಗೆ ತಿಂದು, ಗ್ರೇವಿ ಬಿಟ್ಟು, ಹೆಂಡತಿಯನ್ನು ಎದುರುಹಾಕಿಕೊಂಡು ಬದುಕಿನಲ್ಲಿ ಮೊದಲ ಸಲ ಮಾಡಿದ ಒಂದು ವೀರಕಾರ್ಯಕ್ಕೆ ಸಿಕ್ಕ ಬಿರುದು ಇದು. ಅವನ ಪಕ್ಕದಿಂದ ಒಂದು ಕೈ ಚಾಚಿಕೊಂಡು ಬಂತು. ಕೈಚೀಲದಿಂದ ನೋಟಿನ ಕಂತೆ ತೆಗೆದು ಅಟ್ರಾಕ್ಟಾ ಮಾಸ್ಸಿಗೆ ಕೊಟ್ಟಳು. ಹಿಂದೆ ಹಾಡುಗಾರ್ತಿಯರೆಲ್ಲ ಸಾಲಾಗಿ ನಿಂತಿದ್ದರು. ಈಗ ಅವರ ಮುಖಗಳು ಒಂದೊಂದಾಗಿ ಫಿಂಟನ್ ಕಡೆಗೇ ತಿರುಗಿದವು.

ಓಟ ಫಿಂಟನ್ ಬರೆದಂತೆಯೇ ಆಯಿತು, ಅಕ್ಷರ ತಪ್ಪದೆ. ಕೊನೆಯೆರಡು ಬೇಲಿಗಳಲ್ಲಿ ದೊಡ್ಡ ದೊಡ್ಡ ಕುದುರೆಗಳು ಕೆಸರಲ್ಲಿ ಕಾಲು ಕೀಳಲಾರದೆ ಒದ್ದಾಡುವಾಗ ಆಮೆನ್ ಮೇರಿ ಅವುಗಳನ್ನು ಹಾದು, ಹಾರಿ, ಒಂಟಿಯಾಗಿ ಮುಗಿಸಿತು. ಇಡೀ ಮೈದಾನ ಸ್ತಬ್ಧವಾಯಿತು. ಹಾಡುಗಾರ್ತಿಯರು ಮಾತ್ರ ನಾಲ್ಕು ಸ್ವರದಲ್ಲಿ ಕಿರುಚಿದರು. ಮಾಸ್ಸಿ ಸ್ಟೂಲಿನಿಂದ ಇಳಿದು, ನಂಬಿಕೆದ್ರೋಹಿಯನ್ನು ನೋಡುವಂತೆ ಫಿಂಟನ್‌ನನ್ನು ನೋಡಿದ. ಉಳಿದ ಮೂರು ಓಟಗಳಲ್ಲಿ ಫಿಂಟನ್‌ನ ಕುದುರೆಗಳು ಎಂದಿನಂತೆ ನಡೆದುಕೊಂಡವು.

ಸಂಜೆ ಅವನ ತಟ್ಟೆಗೆ ಟರ್ಕಿಯ ಎದೆಮಾಂಸ, ಹ್ಯಾಮ್, ಕೆರೆ ತುಂಬುವಷ್ಟು ಗ್ರೇವಿ ಬಂತು. ಫಿಂಟನ್ ಚಮಚ ಮುಟ್ಟದೆ ಕಾದ. ಒಂದೇ ಒಂದು ಮಾತು ಬೇಕಿತ್ತು ಅವನಿಗೆ.

"ನಾನು ಹೇಳಿದ್ದೆ ತಾನೇ?" ಎಂದು ಕೊನೆಗೆ ತಾನೇ ಕೇಳಿದ.

"ಹೇಳಿದ್ದೆ." ಅಟ್ರಾಕ್ಟಾ ನಿಟ್ಟುಸಿರುಬಿಟ್ಟಳು. "ಅದೇ ಈಗ ಕಷ್ಟ. ಆರ್ಗನ್ ಏನೋ ಆಯ್ತು. ಈಸ್ಟರಿಗೆ ಮೇರಿ ಮತ್ತೆ ಓಡ್ತಾಳೆ, ಚರ್ಚಿನ ಗಂಟೆ ರಿಪೇರಿ ಬಾಕಿಯಿದೆ. ಹನ್ನೊಂದು ವರ್ಷದ ಹೆಸರನ್ನ ಒಂದೇ ಮಧ್ಯಾಹ್ನ ಕೆಡಿಸ್ಕೊಂಡ್ಯಲ್ಲ. ಇನ್ನು ನೀನು ಹೇಳಿದ್ದನ್ನ ಜನ ನಂಬಿಬಿಟ್ರೆ? ಅದಕ್ಕೇ ಫಾದರ್ ಕೇಳಿ ಕಳಿಸಿದ್ದಾರೆ, ಈಸ್ಟರಿನ ತನಕ ಮತ್ತೆ ಮೊದಲಿನ ಹಾಗೆ ತಪ್ಪಾಗಿ ಬರಿಯೋಕಾಗುತ್ತಾ ಅಂತ."

ಫಿಂಟನ್ ಎದ್ದುನಿಂತ. ಮೇಜು ಗುದ್ದಿದ. ಗ್ರೇವಿ ಚೆಲ್ಲಿತು. "ಬೇಕಂತ ತಪ್ಪು ಬರಿಯೋ ಮನುಷ್ಯ ಅಲ್ಲ ನಾನು!"

"ಬೇಕಂತ ಯಾಕೆ ಬರೀತೀಯ?" ಎಂದಳು ಅಟ್ರಾಕ್ಟಾ, ಗ್ರೇವಿ ಒರೆಸುತ್ತ. "ನೀನು ಎಂದಿನ ಹಾಗೆ ಪ್ರಾಮಾಣಿಕವಾಗಿ ಬರಿ. ಅಷ್ಟು ಸಾಕು."